ಡ್ರ್ಯಾಗನ್ ಇದ್ದೂ ಒಂದೇ ಸ್ಟಾರ್? ಕ್ಲಾನ್ ವಾರ್ ದಾಳಿಯ ಸಮಗ್ರ ಮಾರ್ಗದರ್ಶಿ

ನಮ್ಮ ಕ್ಲಾನ್‌ನಲ್ಲಿ (ಆಟಗಾರರ ತಂಡದಲ್ಲಿ) ತೀರ್ಥಹಳ್ಳಿ, ಹೊಸನಗರ, ಸಾಗರ, ಶಿವಮೊಗ್ಗ ಕಡೆಯವರೇ ಹೆಚ್ಚು. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಎಂಬ ಮೊಬೈಲ್ ಆಟದಲ್ಲಿ ಟೌನ್ ಹಾಲ್ 7 (ನಮ್ಮ ಹಳ್ಳಿಯ ಮುಖ್ಯ ಕಟ್ಟಡದ ಏಳನೇ ಮಟ್ಟ) ಮುಟ್ಟಿ, ಹಾರುವ ಸೈನಿಕನಾದ ಡ್ರ್ಯಾಗನ್ ಕೈಗೆ ಬಂದು, ಮೊದಲ ಸಲ ವಾರ್‌ಗೆ, ಅಂದರೆ ಎರಡು ಕ್ಲಾನ್‌ಗಳ ಕಾದಾಟಕ್ಕೆ, ಇಳಿದವರೆಲ್ಲ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ಎದುರಾಳಿಯ ಬೇಸ್ (ಅವರ ಹಳ್ಳಿ) ಶೇ. 60ರಷ್ಟು ಪುಡಿಯಾಗಿರುತ್ತದೆ, ಸುತ್ತಲಿನ ಮನೆಗಳೆಲ್ಲ ನೆಲಸಮ, ನಟ್ಟನಡುವೆ ಟೌನ್ ಹಾಲ್ ಮಾತ್ರ ಹಾಗೇ ನಿಂತಿರುತ್ತದೆ. ಒಂದು ಸ್ಟಾರ್. ಆಮೇಲೆ ಚಾಟ್‌ನಲ್ಲಿ ಬರುವ ಮಾತೂ ಒಂದೇ: "ಅಣ್ಣಾ, ಡ್ರ್ಯಾಗನ್ ಇನ್ನೊಂದು ಲೆವೆಲ್ ಏರಿದ್ರೆ ಆಗಿರೋದು."

ಆಗುತ್ತಿರಲಿಲ್ಲ. ಅಂಥ ದಾಳಿಗಳ ಎಷ್ಟೋ ರಿಪ್ಲೇ (ದಾಳಿಯ ರೆಕಾರ್ಡಿಂಗ್) ಕೂತು ನೋಡಿದ್ದೇನೆ. ಸೋಲು ಲೆವೆಲ್‌ನಿಂದ ಬಂದದ್ದು ತೀರಾ ಕಡಿಮೆ. ಸೈನ್ಯ ಬಿಟ್ಟ ಕ್ರಮದಿಂದ ಬಂದದ್ದೇ ಹೆಚ್ಚು. ಹಾಗಾಗಿ ಈ ಬರಹ ಆ ಕ್ರಮದ ಮೇಲೆಯೇ ನಿಂತಿದೆ. ಟೌನ್ ಹಾಲ್ 7 ಇಟ್ಟುಕೊಂಡು ಬರೆದಿದ್ದೇನೆ. 8ರಲ್ಲಿರುವವರಿಗೂ ಇದೇ ಕ್ರಮ ನಡೆಯುತ್ತದೆ, ಸಂಖ್ಯೆ ಮಾತ್ರ ಸ್ವಲ್ಪ ಬೇರೆ.

ಶುರುಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಅಪ್‌ಡೇಟ್ ಆದ ಆಟ, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುವ ಫೋನ್, ನಂಬಬಹುದಾದ ಒಂದು ಸಿಗ್ನಲ್, ಒಂದು ಕಾಗದ, ಒಂದು ಪೆನ್ನು. ಕಾಗದ ಯಾಕೆ ಅಂತ ಹುಡುಗರು ಕೇಳುತ್ತಾರೆ. 4ನೇ ಹಂತಕ್ಕೆ ಬಂದಾಗ ತಿಳಿಯುತ್ತದೆ.

ಅಕೌಂಟ್ ಅನ್ನು ಸೂಪರ್‌ಸೆಲ್ ಐಡಿಗೆ (ಆಟದ ಕಂಪನಿಯ ಲಾಗಿನ್) ಜೋಡಿಸಿಕೊಳ್ಳಿ. ಫೋನ್ ನೀರಿಗೆ ಬಿದ್ದರೂ ಬೇರೆ ಫೋನ್‌ನಲ್ಲಿ ಅದೇ ಹಳ್ಳಿ ಸಿಗಬೇಕೆಂದರೆ ಇದೇ ದಾರಿ. ಲಾಗಿನ್ ಆಗುವಾಗ ಇಮೇಲ್‌ಗೆ ಬರುವ 6 ಅಂಕಿಯ ಕೋಡ್ ಯಾರು ಕೇಳಿದರೂ ಕೊಡಬೇಡಿ, ಕ್ಲಾನ್ ಲೀಡರ್ ಕೇಳಿದರೂ ಕೊಡಬೇಡಿ. "ಫ್ರೀ ಜೆಮ್" ಕೊಡುತ್ತೇವೆ ಅನ್ನುವ ಯಾವ ಲಿಂಕೂ ಜೆಮ್ (ಆಟದೊಳಗಿನ ಹರಳು, ಅಲ್ಲಿನ ಹಣ) ಕೊಡುವುದಿಲ್ಲ, ಅಕೌಂಟ್ ಕಿತ್ತುಕೊಳ್ಳುತ್ತದೆ. ಮನೆಯಲ್ಲಿ ಅಪ್ಪನ ಫೋನ್‌ನಲ್ಲಿ ಆಡುವ ಮಕ್ಕಳಿದ್ದರೆ ಪ್ಲೇ ಸ್ಟೋರ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಇವತ್ತೇ ಇಟ್ಟುಬಿಡಿ.

ಹಂತ 1: ವಾರ್‌ನ ಲೆಕ್ಕ ತಿಳಿದುಕೊಳ್ಳಿ

ಒಂದು ದಾಳಿಯಲ್ಲಿ ಮೂರು ಸ್ಟಾರ್ ಇವೆ. ಶೇ. 50 ಒಡೆದರೆ ಒಂದು. ಟೌನ್ ಹಾಲ್ ಬಿದ್ದರೆ ಇನ್ನೊಂದು. ಶೇ. 100 ಆದರೆ ಮೂರನೆಯದು. ಅಂದರೆ ಶೇ. 49ರಲ್ಲೂ ಟೌನ್ ಹಾಲ್ ಕೆಡವಿದ್ದರೆ ಒಂದು ಸ್ಟಾರ್ ಇದ್ದೇ ಇದೆ, ಶೇ. 85 ಒಡೆದೂ ಅದನ್ನು ಬಿಟ್ಟು ಬಂದರೆ ಅದೂ ಒಂದೇ. ಸುತ್ತಲೂ ಕೆಡವಿ ನಡುವೆ ಬಿಡುವವರು ಈ ಲೆಕ್ಕ ಮರೆತವರು.

ಒಬ್ಬೊಬ್ಬರಿಗೆ ಎರಡು ದಾಳಿ. ಒಬ್ಬರೇ ಒಂದೇ ಬೇಸ್ ಮೇಲೆ ಎರಡು ಸಲ ಹೋಗುವಂತಿಲ್ಲ. ಒಂದು ಬೇಸ್ ಮೇಲೆ ಕ್ಲಾನ್‌ನವರು ಎಷ್ಟು ಸಲ ಹೋದರೂ ಅತ್ಯುತ್ತಮವಾದ ದಾಳಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೇರೆಯವರು ಆಗಲೇ ಎರಡು ಸ್ಟಾರ್ ತೆಗೆದ ಬೇಸ್ ಮೇಲೆ ನೀವೂ ಎರಡು ತೆಗೆದರೆ ಕ್ಲಾನ್‌ಗೆ ಸ್ಟಾರ್ ಸೇರುವುದಿಲ್ಲ. ಎರಡೂ ಕಡೆ ಸ್ಟಾರ್ ಸಮ ಆದಾಗ ಒಡೆದ ಶೇಕಡಾವಾರು ಯಾರದ್ದು ಹೆಚ್ಚೋ ಅವರಿಗೆ ಗೆಲುವು. ಹಾಗಾಗಿ ಶೇ. 72 ಮತ್ತು ಶೇ. 78ರ ನಡುವಿನ ವ್ಯತ್ಯಾಸಕ್ಕೂ ಬೆಲೆ ಇದೆ, ಎರಡನೇ ಸ್ಟಾರ್ ಬಂತು ಅಂತ ಅರ್ಧಕ್ಕೆ ಎದ್ದು ಬರಬೇಡಿ.

ಹಂತ 2: ಹಳ್ಳಿಯಲ್ಲಿ ಏನನ್ನು ಮೊದಲು ಏರಿಸಬೇಕು

ಇಲ್ಲಿ ತಪ್ಪಿದವರಿಗೆ ಮುಂದಿನ ಯಾವ ಹಂತವೂ ಪೂರ್ತಿ ಕೈಹಿಡಿಯುವುದಿಲ್ಲ. ಟೌನ್ ಹಾಲ್ 7ಕ್ಕೆ ಏರಿದ ಕೂಡಲೇ ಬಹಳ ಮಂದಿ ಗೋಡೆ ಬಣ್ಣ ಬದಲಾಯಿಸಲು ಕೂರುತ್ತಾರೆ. ಗೋಡೆ ಆಮೇಲೆ. ನಾನು ಹೇಳುವ ಕ್ರಮ ಇದು: ಮೊದಲು ಲ್ಯಾಬೊರೇಟರಿ (ಲ್ಯಾಬ್), ಅಂದರೆ ಸೈನಿಕರ ಮತ್ತು ಸ್ಪೆಲ್‌ಗಳ (ದಾಳಿಯಲ್ಲಿ ಎಸೆಯುವ ಮಂತ್ರ) ಲೆವೆಲ್ ಏರಿಸುವ ಕಟ್ಟಡ. ಅದರ ಜೊತೆಗೇ ಬ್ಯಾರಕ್ಸ್, ಡ್ರ್ಯಾಗನ್ ಸಿಗುವ ಮಟ್ಟದವರೆಗೆ. ಆಮೇಲೆ ಆರ್ಮಿ ಕ್ಯಾಂಪ್. ನಾಲ್ಕು ಕ್ಯಾಂಪ್, ಒಂದೊಂದರಲ್ಲಿ 50 ಜಾಗ, ಒಟ್ಟು 200. ನಂತರ ಸ್ಪೆಲ್ ಫ್ಯಾಕ್ಟರಿ. ಇವು ನಾಲ್ಕೂ ಆದಮೇಲೆ ರಕ್ಷಣಾ ಕಟ್ಟಡಗಳಾದ ಏರ್ ಡಿಫೆನ್ಸ್, ವಿಝಾರ್ಡ್ ಟವರ್, ಮೋರ್ಟಾರ್.

ಲ್ಯಾಬ್ ಮೊದಲು ಯಾಕೆ ಅಂದರೆ ಅಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕೆಲಸ ನಡೆಯುತ್ತದೆ. ಬಿಲ್ಡರ್ ಐದು ಜನ ಇದ್ದರೂ ಲ್ಯಾಬ್ ಒಂದೇ. ಅದು ಖಾಲಿ ಕೂತ ದಿನ ಮತ್ತೆ ಸಿಗುವುದಿಲ್ಲ. ಲ್ಯಾಬ್‌ನಲ್ಲಿ ಡ್ರ್ಯಾಗನ್ ಏರುತ್ತಿರುವಾಗ ಹಳೇ ಲೆವೆಲ್‌ನ ಡ್ರ್ಯಾಗನ್ ಬಳಸಲು ಅಡ್ಡಿಯಿಲ್ಲ, ಹಾಗಾಗಿ "ವಾರ್ ಇದೆ, ಆಮೇಲೆ ಹಾಕ್ತೀನಿ" ಅನ್ನುವುದಕ್ಕೆ ಅರ್ಥವಿಲ್ಲ. ಮೊದಲು ಡ್ರ್ಯಾಗನ್, ಆಮೇಲೆ ಲೈಟ್ನಿಂಗ್ (ಮಿಂಚಿನ) ಸ್ಪೆಲ್, ಆಮೇಲೆ ಬಲೂನ್.

ಜೆಮ್ ಎಲ್ಲಿ ಖರ್ಚು ಮಾಡಬೇಕು ಅನ್ನುವುದಕ್ಕೆ ನನ್ನ ಉತ್ತರ ಒಂದೇ: ಬಿಲ್ಡರ್. ಮೂರನೆಯವನಿಗೆ 500, ನಾಲ್ಕನೆಯವನಿಗೆ 1000, ಐದನೆಯವನಿಗೆ 2000 ಜೆಮ್. ಹಳ್ಳಿಯಲ್ಲಿ ಬೆಳೆಯುವ ಮರ, ಪೊದೆ ತೆಗೆದಾಗ ಜೆಮ್ ಸಿಗುತ್ತದೆ, ತೆಗೆಯುತ್ತಾ ಇರಿ. ಕೆಲಸ ಬೇಗ ಮುಗಿಸಲು ಜೆಮ್ ಸುರಿದವರು ಆರು ತಿಂಗಳಾದರೂ ಮೂರೇ ಬಿಲ್ಡರ್ ಇಟ್ಟುಕೊಂಡು ಒದ್ದಾಡುವುದನ್ನು ನೋಡಿದ್ದೇನೆ.

ಎಚ್ಚರಿಕೆಯ ಗುರುತು: ಟೌನ್ ಹಾಲ್ ಮುಂದಿನ ಲೆವೆಲ್‌ಗೆ ಏರಿಸಲು ಕೈ ತುರಿಸುತ್ತಿದೆ, ಆದರೆ ಡ್ರ್ಯಾಗನ್ ಇನ್ನೂ ಲೆವೆಲ್ 1ರಲ್ಲೇ ಇದೆ. ಆಗ ನಿಲ್ಲಿ. ಟೌನ್ ಹಾಲ್ ಒಂದನ್ನೇ ಓಡಿಸಿ ಉಳಿದದ್ದನ್ನು ಹಿಂದೆ ಬಿಟ್ಟರೆ ಗಟ್ಟಿ ಬೇಸ್‌ಗಳ ಎದುರು ಸಣಕಲು ಸೈನ್ಯ ಇಟ್ಟುಕೊಂಡು ನಿಲ್ಲಬೇಕಾಗುತ್ತದೆ.

ಹಂತ 3: ಸಿಗ್ನಲ್, ಕರೆಂಟ್, ಸಮಯ

ಬೆಂಗಳೂರಿನವರು ಬರೆದ ಮಾರ್ಗದರ್ಶಿಯಲ್ಲಿ ಈ ಹಂತ ಇರುವುದಿಲ್ಲ. ನಮಗೆ ಇದು ಇಲ್ಲದೆ ನಡೆಯದು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ, ಹೊಸನಗರದಾಚೆಯ ನಗರ ಎಂಬ ಊರಿನ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ದಿನದ ಮಾತು. ಕರೆಂಟ್ ಹೋದರೆ ವೈಫೈ ಹೋಯಿತು, ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಯಿತು.

ನನ್ನದೇ ಒಂದು ದಾಳಿ ಹೀಗೆ ಹಾಳಾಗಿದೆ. ಆಷಾಢದ ಒಂದು ಭಾನುವಾರ, ವಾರ್ ಮುಗಿಯಲು ಅರ್ಧ ಗಂಟೆ ಇತ್ತು. ಜಗಲಿಯ ಮೂಲೆಯಲ್ಲಿ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ, ಕಂಬಕ್ಕೆ ಒರಗಿ ಕೂತಿದ್ದೆ. ನಾಲ್ಕನೇ ಡ್ರ್ಯಾಗನ್ ಬಿಟ್ಟೆ, ಐದನೆಯದಕ್ಕೆ ಬೆರಳು ಇಟ್ಟೆ, ಪರದೆ ಅಲ್ಲಾಡಲಿಲ್ಲ. ಮತ್ತೆ ಒಳಗೆ ಹೋಗುವ ಹೊತ್ತಿಗೆ ದಾಳಿ ಮುಗಿದಿತ್ತು. ಬಿಟ್ಟ ನಾಲ್ಕು ಡ್ರ್ಯಾಗನ್ ಎಷ್ಟು ಕೆಡವಿದ್ದವೋ ಅಷ್ಟೇ ಲೆಕ್ಕ, ಬಿಡದೆ ಉಳಿದ ಐದು ಹಾಗೇ ಹೋದವು. ಆ ವಾರ್ ಒಂದು ಸ್ಟಾರ್‌ನಿಂದ ಸೋತೆವು. ಹದಿನಾಲ್ಕು ಜನ ಎರಡು ದಿನ ಪಟ್ಟ ಶ್ರಮ ಅದು. ಇವತ್ತಿಗೂ ನನಗೆ ಅದು ನೋವಿನ ವಿಷಯವೇ.

ಆಮೇಲಿಂದ ಇದನ್ನು ನಿಯಮ ಮಾಡಿಕೊಂಡಿದ್ದೇವೆ. ವಾರ್‌ನಲ್ಲಿ ಸಿದ್ಧತೆಯ ದಿನ 23 ಗಂಟೆ, ದಾಳಿಯ ದಿನ 24 ಗಂಟೆ. ಶುಕ್ರವಾರ ಸಂಜೆ 7ಕ್ಕೆ ಶುರುಮಾಡಿದರೆ ಶನಿವಾರ ಸಂಜೆ 6ಕ್ಕೆ ದಾಳಿ ತೆರೆಯುತ್ತದೆ, ಭಾನುವಾರ ಸಂಜೆ 6ಕ್ಕೆ ಮುಚ್ಚುತ್ತದೆ. ಮೊದಲ ದಾಳಿ ಶನಿವಾರ ರಾತ್ರಿ ಮಲಗುವ ಮುಂಚೆ ಆಗಿಬಿಡಬೇಕು. ಭಾನುವಾರ ಮಧ್ಯಾಹ್ನದ ನಂತರ ಗುಡುಗು ಶುರುವಾದರೆ ಎರಡನೇ ದಾಳಿ ಹೋದರೂ ಒಂದಾದರೂ ಕೈಯಲ್ಲಿರುತ್ತದೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ, ರಾತ್ರಿ ಹನ್ನೊಂದರವರೆಗೆ ಸುಲಿಯುವ ಮನೆಗಳವರು, ವಾರ್ ಶುರುಮಾಡುವ ಮುಂಚೆಯೇ ನಿಮ್ಮ ವಾರ್ ಆಯ್ಕೆಯನ್ನು ಕೆಂಪು ಮಾಡಿ ಲೀಡರ್‌ಗೆ ಹೇಳಿಬಿಡಿ. ಬರಲಾಗದು ಎಂದು ಮೊದಲೇ ಹೇಳಿದರೆ ಯಾರಿಗೂ ಬೇಸರವಿಲ್ಲ. ಹೆಸರು ಕೊಟ್ಟು ಎರಡು ದಾಳಿಯನ್ನೂ ಬಿಟ್ಟರೆ ತಂಡಕ್ಕೆ ತುಂಬಲಾಗದ ನಷ್ಟ.

ದಾಳಿಗೆ ಮುಂಚೆ ಸಿಗ್ನಲ್ ಪರೀಕ್ಷೆ ಹೀಗೆ ಮಾಡಿ. ಕ್ಲಾನ್ ಪಟ್ಟಿಯಲ್ಲಿ ಯಾರಾದರೂ ಮೂವರ ಹಳ್ಳಿಗೆ ಒಂದಾದ ಮೇಲೊಂದರಂತೆ ಭೇಟಿ ಕೊಡಿ. ಮೂರೂ ಸಲ ಮೋಡ ಸರಿದು ಹಳ್ಳಿ ತಕ್ಷಣ ಕಾಣಿಸಿದರೆ ಸರಿ. ಒಂದು ಸಲ ಕೈಕೊಟ್ಟರೂ ಮೊದಲು ಜಾಗ ಬದಲಿಸಿ. ವೈಫೈ ಮತ್ತು ಮೊಬೈಲ್ ಡೇಟಾ ಎರಡೂ ಅರ್ಧಂಬರ್ಧ ಇದ್ದಾಗ ಫೋನ್ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ಆಗಲೇ ಕನೆಕ್ಷನ್ ಕಡಿಯುವುದು. ಹಾಗಾಗಿ ಒಂದನ್ನು ಆಫ್ ಮಾಡಿ. ಕರೆ ಬಂದರೆ ಆಟ ಹಿಂದಕ್ಕೆ ಸರಿಯುತ್ತದೆ, ಐದು ನಿಮಿಷಕ್ಕೆ ಕರೆಗಳನ್ನು ತಡೆದಿಡಿ. ಬ್ಯಾಟರಿ ಸೇವರ್ ಕೂಡ ಆಫ್.

ಹಂತ 4: ಯಾರ ಮೇಲೆ ಹೋಗಬೇಕು, ಬೇಸ್ ಹೇಗೆ ಓದಬೇಕು

ವಾರ್ ಮ್ಯಾಪ್‌ನಲ್ಲಿ ಬಲದ ಪ್ರಕಾರ ನಂಬರ್ ಇರುತ್ತದೆ. ಮೊದಲ ದಾಳಿ ನಿಮ್ಮದೇ ನಂಬರಿನವರ ಮೇಲೆ ಅಥವಾ ಒಂದೆರಡು ಕೆಳಗಿನವರ ಮೇಲೆ ಇರಲಿ. ಚಾಟ್‌ನಲ್ಲಿ "9 ನಂದು" ಅಂತ ಬರೆದಿಡಿ. ಬರೆಯದೆ ಹೋಗಿ ಇಬ್ಬರು ಒಂದೇ ಬೇಸ್ ಮೇಲೆ ಬೀಳುವುದು ನಮ್ಮಲ್ಲಿ ತಿಂಗಳಿಗೊಂದು ಸಲವಾದರೂ ಆಗುತ್ತದೆ.

ಈಗ ಕಾಗದ ತೆಗೆಯಿರಿ. ಸಿದ್ಧತೆಯ ದಿನದಲ್ಲೇ ಎದುರಾಳಿಯ ಬೇಸ್ ಒಳಗೆ ಹೋಗಿ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಅಟ್ಯಾಕ್ ಒತ್ತಿದ ಮೇಲೆ ಸಿಗುವುದು ಬರೇ 30 ಸೆಕೆಂಡ್. ನೋಡುವ ಕೆಲಸವನ್ನು ಆ 30 ಸೆಕೆಂಡಿಗೆ ಉಳಿಸಿಕೊಂಡವರೇ ಒಂದು ಸ್ಟಾರ್ ತರುವವರು.

ಕಾಗದದ ಮೇಲೆ ಒಂದು ಚೌಕ ಬರೆದು, ಅದರಲ್ಲಿ ಮೂರು ಏರ್ ಡಿಫೆನ್ಸ್ ಎಲ್ಲೆಲ್ಲಿವೆ ಎಂದು ಚುಕ್ಕೆ ಇಡಿ. ಟೌನ್ ಹಾಲ್ 7ರಲ್ಲಿ ಅವು ಮೂರೇ. ಕ್ಯಾನನ್ ಮತ್ತು ಮೋರ್ಟಾರ್ ಆಕಾಶಕ್ಕೆ ಹೊಡೆಯುವುದಿಲ್ಲ, ಅವನ್ನು ಮರೆತುಬಿಡಿ. ಎದುರಾಳಿಯ ಬಾರ್ಬೇರಿಯನ್ ಕಿಂಗ್ ಕೂಡ ಡ್ರ್ಯಾಗನ್ ಮುಟ್ಟಲಾರ. ಆರ್ಚರ್ ಟವರ್, ವಿಝಾರ್ಡ್ ಟವರ್ ಹೊಡೆಯುತ್ತವೆ, ಆದರೆ ಡ್ರ್ಯಾಗನ್ ಅದನ್ನು ತಡೆದುಕೊಳ್ಳುತ್ತದೆ. ಡ್ರ್ಯಾಗನ್ ಕೊಲ್ಲುವುದು ಏರ್ ಡಿಫೆನ್ಸ್. ನಿಮ್ಮ ಇಡೀ ಯೋಜನೆ ಆ ಮೂರು ಚುಕ್ಕೆಗಳ ಸುತ್ತಲೇ.

ನಾಲ್ಕನೇ ಚುಕ್ಕೆ ಏರ್ ಸ್ವೀಪರ್. ಇದು ಪ್ರಾಣಹಾನಿ ಮಾಡುವುದಿಲ್ಲ, ಗಾಳಿ ಊದಿ ಹಿಂದಕ್ಕೆ ತಳ್ಳುತ್ತದೆ. ಅದು ಮುಖ ಮಾಡಿದ ದಿಕ್ಕಿಗೆ ಮಾತ್ರ ಊದುತ್ತದೆ, ಆ ದಿಕ್ಕಿಗೆ ಬಾಣದ ಗುರುತು ಹಾಕಿ. ಬಾಣದ ಎದುರಿನಿಂದ ಹೋದರೆ ಡ್ರ್ಯಾಗನ್ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಏರ್ ಡಿಫೆನ್ಸ್ ನಿಂತಲ್ಲೇ ಸುಡುತ್ತದೆ. ಬಾಣದ ಬೆನ್ನ ಕಡೆಯಿಂದ ಬನ್ನಿ.

ಐದನೆಯದು ಟೌನ್ ಹಾಲ್. ಸ್ವೀಪರ್‌ನ ಬೆನ್ನು, ಒಂದಾದರೂ ಏರ್ ಡಿಫೆನ್ಸ್‌ಗೆ ಹತ್ತಿರ, ಅಲ್ಲಿಂದ ಟೌನ್ ಹಾಲ್‌ಗೆ ನೇರ ದಾರಿ: ಈ ಮೂರೂ ಕೂಡುವ ಬದಿಯೇ ನೀವು ನುಗ್ಗಬೇಕಾದ ಬದಿ. ಮೂರೂ ಕೂಡದಿದ್ದರೆ ಟೌನ್ ಹಾಲ್‌ನ ದಾರಿಗೆ ಮೊದಲ ಮಣೆ.

ಬಲೆಗಳು ಮತ್ತು ಎದುರಾಳಿಯ ಕ್ಲಾನ್ ಕ್ಯಾಸಲ್ (ಕ್ಲಾನ್‌ನವರು ಕೊಟ್ಟ ಸೈನಿಕರನ್ನು ಇಡುವ ಕಟ್ಟಡ) ಒಳಗಿರುವ ಸೈನಿಕರು ನಿಮಗೆ ಕಾಣುವುದಿಲ್ಲ. ನಿಮಗಿಂತ ಮುಂಚೆ ನಮ್ಮವರೊಬ್ಬರು ಅದೇ ಬೇಸ್ ಮೇಲೆ ಹೋಗಿದ್ದರೆ ಅವರ ರಿಪ್ಲೇಯಲ್ಲಿ ಅವೆರಡೂ ಕಾಣುತ್ತವೆ. ವಾರ್‌ನಲ್ಲಿ ಪ್ರತಿ ದಾಳಿಗೂ ಬಲೆ ಹೊಸದಾಗಿ ಅದೇ ಜಾಗದಲ್ಲಿ ಸಜ್ಜಾಗಿರುತ್ತದೆ, ಕ್ಯಾಸಲ್ ಕೂಡ ತುಂಬಿರುತ್ತದೆ. ಹಾಗಾಗಿ ಅವರು ಸೋತ ದಾಳಿಯೇ ನಿಮಗೆ ನಕ್ಷೆ. ಏರ್ ಮೈನ್ ಸಿಡಿದ ಜಾಗಕ್ಕೆಲ್ಲ ಕಾಗದದಲ್ಲಿ ಗುಣಿಸು ಗುರುತು ಹಾಕಿ.

ಹಂತ 5: ಸೈನ್ಯ ಮತ್ತು ಸ್ಪೆಲ್

2025ರ ಮಾರ್ಚ್‌ನಿಂದ ಸೈನ್ಯ ತಯಾರಾಗಲು ಕಾಯುವ ಕೆಲಸವಿಲ್ಲ. ಹಳೇ ವಿಡಿಯೊ ನೋಡಿ "ಅರ್ಧ ಗಂಟೆ ಮುಂಚೆ ಟ್ರೇನಿಂಗ್‌ಗೆ ಹಾಕಿ" ಅನ್ನುವುದನ್ನು ನಂಬಿಕೊಂಡಿರಬೇಡಿ. ಈಗಿನ ತೊಂದರೆ ಬೇರೆ: ಚಿನ್ನ ದೋಚಲು ಇಟ್ಟುಕೊಂಡಿದ್ದ ಗಾಬ್ಲಿನ್ ಸೈನ್ಯವನ್ನೇ ಮರೆತು ವಾರ್‌ಗೆ ಒಯ್ಯುವುದು. ಅಟ್ಯಾಕ್ ಒತ್ತುವ ಮುಂಚೆ ಒಮ್ಮೆ ಸೈನ್ಯದ ಪಟ್ಟಿ ತೆರೆದು ನೋಡಿ.

200 ಜಾಗಕ್ಕೆ ನನ್ನ ಲೆಕ್ಕ: ಡ್ರ್ಯಾಗನ್ 9, ಒಂದಕ್ಕೆ 20ರಂತೆ 180. ಬಲೂನ್ 2, ಒಂದಕ್ಕೆ 5ರಂತೆ 10. ಆರ್ಚರ್ 10, ಒಂದಕ್ಕೆ 1ರಂತೆ 10. ಹತ್ತು ಡ್ರ್ಯಾಗನ್ ಒಯ್ಯುವವರು ಆ ಒಂದು ಡ್ರ್ಯಾಗನ್ ಬಿಡಲು ಒಪ್ಪುವುದಿಲ್ಲ. ಆದರೆ ಮೂಲೆಯಲ್ಲಿ ಅಡಗಿಸಿಟ್ಟ ಬಿಲ್ಡರ್ ಗುಡಿಸಲಿಗೆ ಕೊನೆಯ 20 ಸೆಕೆಂಡಿನಲ್ಲಿ ಡ್ರ್ಯಾಗನ್ ತಲುಪುವುದಿಲ್ಲ. ಮೂರು ಆರ್ಚರ್ ಅಲ್ಲೇ ಬಿಟ್ಟರೆ ಕೆಲಸ ಆಯಿತು. ಶೇ. 98ರಲ್ಲಿ ನಿಂತ ದಾಳಿ ಎಷ್ಟು ಹೊಟ್ಟೆ ಉರಿಸುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಕ್ಲಾನ್ ಕ್ಯಾಸಲ್‌ನಲ್ಲಿ 20 ಜಾಗ. ನಾಲ್ಕು ಬಲೂನ್ ಕೇಳಿ, ಅಥವಾ ಒಂದು ಡ್ರ್ಯಾಗನ್. ಕೇಳುವಾಗ ಬರೇ "ಕೊಡಿ" ಅನ್ನದೆ "ವಾರ್‌ಗೆ 4 ಬಲೂನ್, ದೊಡ್ಡ ಲೆವೆಲ್‌ನವರು ಕೊಡಿ" ಅಂತ ಬರೆಯಿರಿ. ಸುಮ್ಮನೆ ಕೇಳಿದರೆ ಯಾರೋ 20 ಆರ್ಚರ್ ಹಾಕಿ ಹೋಗುತ್ತಾರೆ.

ಇನ್ನು ಸ್ಪೆಲ್. ಇಲ್ಲಿ ನಿಧಾನವಾಗಿ ಓದಿ. ಜಾಗ 6. ಲೈಟ್ನಿಂಗ್ ಒಂದಕ್ಕೆ 1, ರೇಜ್ (ಸೈನಿಕರ ಬಲ, ವೇಗ ಏರಿಸುವ ಸ್ಪೆಲ್) ಒಂದಕ್ಕೆ 2. ಉದ್ದೇಶ: ಡ್ರ್ಯಾಗನ್ ಬಿಡುವ ಮೊದಲೇ ಒಂದು ಏರ್ ಡಿಫೆನ್ಸ್ ಅನ್ನು ಮಿಂಚಿನಿಂದಲೇ ಪೂರ್ತಿ ಕೆಡವುವುದು. ಪೂರ್ತಿ ಅನ್ನುವುದು ಮುಖ್ಯ. ಅರ್ಧ ಸತ್ತ ಏರ್ ಡಿಫೆನ್ಸ್ ಪೂರ್ತಿ ಬದುಕಿದ್ದರಷ್ಟೇ ಜೋರಾಗಿ ಹೊಡೆಯುತ್ತದೆ.

ಲೆಕ್ಕ ಹೀಗೆ. ನಿಮ್ಮ ಲೈಟ್ನಿಂಗ್ ಒಂದು ಹೊಡೆತಕ್ಕೆ 240 ಕೆಡವುತ್ತದೆ ಅಂದುಕೊಳ್ಳಿ. ಏರ್ ಡಿಫೆನ್ಸ್‌ನ ಹಿಟ್‌ಪಾಯಿಂಟ್ (ಬೀಳುವ ಮುನ್ನ ತಾಳುವ ಪೆಟ್ಟು) 950 ಇದ್ದರೆ ನಾಲ್ಕು ಹೊಡೆತಕ್ಕೆ 960, ಬಿತ್ತು. ಉಳಿದ 2 ಜಾಗಕ್ಕೆ ಒಂದು ರೇಜ್ ಬಂತು. ಅದೇ ಏರ್ ಡಿಫೆನ್ಸ್ ಒಂದು ಲೆವೆಲ್ ಮೇಲಿದ್ದು 1000 ಇದ್ದರೆ ನಾಲ್ಕು ಹೊಡೆತದ ನಂತರ ಇನ್ನೂ 40 ಉಳಿಯುತ್ತದೆ. ಐದನೆಯದು ಬೇಕು, ರೇಜ್‌ಗೆ ಜಾಗ ಇಲ್ಲ. ಅಂದರೆ ಮೂರರಲ್ಲಿ ಕಡಿಮೆ ಲೆವೆಲ್‌ನ ಏರ್ ಡಿಫೆನ್ಸ್ ಯಾವುದು ಎಂದು ಹುಡುಕಿ ಅದಕ್ಕೇ ಮಿಂಚು ಹಾಕಿದರೆ ನಿಮಗೆ ಒಂದು ರೇಜ್ ಉಳಿತಾಯ. ಹೊಸನಗರದ ಹುಡುಗನೊಬ್ಬ ಸತತ ಮೂರು ವಾರ್‌ನಲ್ಲಿ ಎಡವಿದ್ದು ಇಲ್ಲಿಯೇ. ನಾಲ್ಕೇ ಮಿಂಚು ಒಯ್ಯುತ್ತಿದ್ದ, ಅಂಚಿಗೆ ಬಂದು ಉಳಿದ ಏರ್ ಡಿಫೆನ್ಸ್ ಅವನ ಎರಡು ಡ್ರ್ಯಾಗನ್ ತಿನ್ನುತ್ತಿತ್ತು. ಐದು ಹೊಡೆತ ಬೇಕಾದ ಬೇಸ್ ಆದರೆ ಆರಕ್ಕೆ ಆರೂ ಲೈಟ್ನಿಂಗ್ ಒಯ್ಯಿರಿ.

ಸಂಖ್ಯೆಗಳು ಅಪ್‌ಡೇಟ್ ಬಂದಾಗ ಬದಲಾಗುತ್ತವೆ, ಹಾಗಾಗಿ ನನ್ನ ಸಂಖ್ಯೆ ನಂಬಬೇಡಿ. ಲ್ಯಾಬ್‌ನಲ್ಲಿ ಲೈಟ್ನಿಂಗ್‌ನ ಮಾಹಿತಿ ಒತ್ತಿ ನೋಡಿ. ಎದುರಾಳಿಯ ಏರ್ ಡಿಫೆನ್ಸ್ ಲೆವೆಲ್ ಬರೆದುಕೊಂಡು, ಅದೇ ಲೆವೆಲ್ ಇರುವ ನಮ್ಮವರ ಹಳ್ಳಿಯ ಸಂಖ್ಯೆ ಕೇಳಿಕೊಳ್ಳಿ. ಭಾಗಿಸಿ, ಮೇಲಿನ ಪೂರ್ಣಸಂಖ್ಯೆಗೆ ಏರಿಸಿ.

ಏರ್ ಡಿಫೆನ್ಸ್‌ಗೆ ಅಂಟಿಕೊಂಡೇ ಸ್ವೀಪರ್ ಇದ್ದರೆ ಮಿಂಚನ್ನು ಎರಡರ ನಡುವೆ ಹಾಕಿ, ಎರಡಕ್ಕೂ ತಾಗುತ್ತದೆ.

ಹಂತ 6: ಬಿಡುವ ಕ್ರಮ, ಸೆಕೆಂಡ್ ಸೆಕೆಂಡಿಗೆ

ಹೇಗೆ ಬಿಡಬೇಕು ಅನ್ನುವುದಕ್ಕಿಂತ ಮುಂಚೆ ಡ್ರ್ಯಾಗನ್ ಹೇಗೆ ಯೋಚಿಸುತ್ತದೆ ಅನ್ನುವುದು ಗೊತ್ತಿರಬೇಕು. ಅದಕ್ಕೆ ಇಷ್ಟದ ಗುರಿ ಅಂತ ಇಲ್ಲ. ಹತ್ತಿರ ಯಾವ ಕಟ್ಟಡ ಕಂಡರೆ ಅದಕ್ಕೆ ಹೋಗುತ್ತದೆ. ಅದನ್ನು ಕೆಡವಿ, ಮತ್ತೆ ಹತ್ತಿರದ್ದಕ್ಕೆ. ಅಂಚಿನಲ್ಲಿ ಸಾಲಾಗಿ ಗಣಿ, ಸಂಗ್ರಹ, ಗುಡಿಸಲು ಇದ್ದರೆ ಅಂಚನ್ನೇ ಹಿಡಿದು ಸುತ್ತುತ್ತದೆ. ನಡುವಿಗೆ ಹೋಗುವುದೇ ಇಲ್ಲ.

ಸಂಜೆ ದನ ಹೊಡೆದುಕೊಂಡು ಬರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ದಣಪೆ ತೆಗೆದಿಟ್ಟ ಮಾತ್ರಕ್ಕೆ ದನ ಒಳಗೆ ಬರುವುದಿಲ್ಲ. ಎಡಕ್ಕೆ ಹಿತ್ತಲ ಹಸಿರು, ಬಲಕ್ಕೆ ಗದ್ದೆಯ ಬದು, ಎರಡೂ ಕಡೆ ಎಳೆಯುತ್ತವೆ. ಎರಡೂ ಪಕ್ಕ ಒಬ್ಬೊಬ್ಬರು ಕೋಲು ಹಿಡಿದು ನಿಂತರೆ, ಹಿಂದಿನಿಂದ ಒಬ್ಬರು ಹೊಡೆದರೆ, ಸೀದಾ ಕೊಟ್ಟಿಗೆಗೆ. ಆಟದವರು ಫನಲ್ ಅನ್ನುವುದು ಇದಕ್ಕೇ. ಎಡ ಪಕ್ಕ ಒಂದು ಡ್ರ್ಯಾಗನ್, ಬಲ ಪಕ್ಕ ಒಂದು. ಅವು ಅಂಚಿನ ಕಟ್ಟಡ ತೆಗೆದುಹಾಕಿದರೆ ನಡುವಿನ ಗುಂಪಿಗೆ ಪಕ್ಕಕ್ಕೆ ಹೋಗಲು ಏನೂ ಉಳಿದಿರುವುದಿಲ್ಲ.

ಕ್ರಮ ಹೀಗೆ. ಮೊದಲು ಬೀಳುವುದು ಸ್ಪೆಲ್ ಆದರೂ ಸೈನಿಕನಾದರೂ ಆ ಕ್ಷಣದಿಂದ 3 ನಿಮಿಷದ ಗಡಿಯಾರ ಇಳಿಯುತ್ತದೆ.

1. ಲೈಟ್ನಿಂಗ್. ಲೆಕ್ಕ ಹಾಕಿದಷ್ಟೂ ಒಂದೇ ಜಾಗಕ್ಕೆ, ಬೆರಳು ಸರಿಸದೆ. ಏರ್ ಡಿಫೆನ್ಸ್ ಬಿದ್ದದ್ದನ್ನು ಕಣ್ಣಾರೆ ನೋಡಿ. ಬೀಳದಿದ್ದರೆ ಇನ್ನೊಂದು.

2. ಆರಿಸಿದ ಬದಿಯ ಎಡ ಮೂಲೆಗೆ ಒಂದು ಡ್ರ್ಯಾಗನ್, ಬಲ ಮೂಲೆಗೆ ಒಂದು. ತೀರಾ ಹೊರಗೆ ಬಿಟ್ಟರೆ ಆಚೆ ಬದಿಗೆ ತಿರುಗಿ ಹೋಗುತ್ತದೆ. ಬದಿಯ ಕೊನೆಯ ಕಟ್ಟಡಕ್ಕಿಂತ ಒಂದು ಕಟ್ಟಡ ಒಳಗೆ ಬಿಡಿ.

3. ಕಾಯಿರಿ. ಎಂಟರಿಂದ ಹತ್ತು ಸೆಕೆಂಡ್. ಎರಡೂ ಡ್ರ್ಯಾಗನ್ ಒಂದೊಂದು ಕಟ್ಟಡ ಕೆಡವಿ ಎರಡನೆಯದಕ್ಕೆ ತಿರುಗುವವರೆಗೆ. ಹೆಚ್ಚಿನವರು ಸೋಲುವುದು ಈ ಹತ್ತು ಸೆಕೆಂಡಿನಲ್ಲಿ. ಸುಮ್ಮನೆ ಕೂರುವುದು ಕಷ್ಟ, ಬೆರಳು ತಡೆಯುವುದಿಲ್ಲ. ಫೋನ್‌ನಿಂದ ಬೆರಳನ್ನೇ ಎತ್ತಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಅಂತ ನಮ್ಮ ಹೊಸಬರಿಗೆ ಹೇಳುತ್ತೇನೆ.

4. ನಡುವೆ, ನುಗ್ಗುವ ದಾರಿಯ ಮುಂದೆ, ಮೊದಲು ಎರಡು ಬಲೂನ್. ಇವು ಬಲೆ ಸಿಡಿಸಲು. ಏರ್ ಮೈನ್ ಒಂದು ಬಲೂನ್‌ಗೆ ಬಡಿದರೆ ಒಂದು ಡ್ರ್ಯಾಗನ್‌ನ ಜೀವ ಉಳಿಯಿತು.

5. ಬಲೂನ್ ಹಿಂದೆಯೇ ಉಳಿದ ಏಳು ಡ್ರ್ಯಾಗನ್. ಒಂದೇ ಚುಕ್ಕೆಗಲ್ಲ, ನಾಲ್ಕೈದು ಕಟ್ಟಡದಷ್ಟು ಅಗಲದ ಸಾಲಿನಲ್ಲಿ. ಒಂದೇ ಕಡೆ ಗುಪ್ಪೆಯಾದರೆ ವಿಝಾರ್ಡ್ ಟವರ್‌ನ ಒಂದು ಹೊಡೆತ ಎಲ್ಲದಕ್ಕೂ ತಾಗುತ್ತದೆ.

6. ನಿಮ್ಮ ಬಾರ್ಬೇರಿಯನ್ ಕಿಂಗ್ ಇದ್ದರೆ ಡ್ರ್ಯಾಗನ್‌ಗಳ ಹಿಂದೆ. ಅಂಚಿನಲ್ಲಿ ಉಳಿದದ್ದನ್ನು ಅವನು ಒರೆಸುತ್ತಾ ಬರುತ್ತಾನೆ. ಮುಂದೆ ಬಿಟ್ಟರೆ ಕ್ಯಾನನ್‌ಗಳೆಲ್ಲ ಅವನ ಮೇಲೆ.

7. ಕ್ಲಾನ್ ಕ್ಯಾಸಲ್‌ನ ಬಲೂನ್. ಡ್ರ್ಯಾಗನ್ ಗುಂಪು ಎರಡನೇ ಏರ್ ಡಿಫೆನ್ಸ್‌ನ ವ್ಯಾಪ್ತಿಗೆ ಹೋಗಿ, ಅದು ಡ್ರ್ಯಾಗನ್ ಮೇಲೆ ಹೊಡೆಯಲು ಶುರುಮಾಡಿದ ಮೇಲೆ, ಅದರ ಹತ್ತಿರದ ಅಂಚಿನಿಂದ ಬಿಡಿ. ಬಲೂನ್ ರಕ್ಷಣಾ ಕಟ್ಟಡಕ್ಕೇ ಹೋಗುತ್ತದೆ. ಅದಕ್ಕಿಂತ ಮುಂಚೆ ಬಿಟ್ಟರೆ ಗಾಳಿಯಲ್ಲೇ ಒಡೆಯುತ್ತದೆ.

8. ರೇಜ್. ಗುಂಪು ಬೇಸ್‌ನ ಮೂರನೇ ಒಂದು ಭಾಗ ದಾಟಿ ಟೌನ್ ಹಾಲ್ ಕಡೆ ಹೊರಟಾಗ, ಅದು ಇರುವ ಜಾಗಕ್ಕಲ್ಲ, ಎರಡು ಸೆಕೆಂಡಿನಲ್ಲಿ ಹೋಗಿ ಮುಟ್ಟುವ ಜಾಗಕ್ಕೆ. ಎದುರಾಳಿಯ ಕ್ಯಾಸಲ್‌ನಿಂದ ವಿಝಾರ್ಡ್ ಅಥವಾ ಡ್ರ್ಯಾಗನ್ ಹೊರಬಂದು ಕಾದಾಟ ಶುರುವಾಗಿದ್ದರೆ ಅಲ್ಲಿಗೇ ಹಾಕಿಬಿಡಿ, ಉಳಿಸಿಕೊಳ್ಳಬೇಡಿ.

9. ಗಡಿಯಾರ 1:30ಕ್ಕೆ ಬಂದಾಗ ಬೆರಳಿಂದ ಪರದೆ ಸರಿಸಿ ನಾಲ್ಕೂ ಮೂಲೆ ನೋಡಿ. ಯಾವ ಗುಡಿಸಲು ಒಂಟಿಯಾಗಿ ಉಳಿದಿದೆಯೋ, ಯಾವ ಟವರ್‌ನ ವ್ಯಾಪ್ತಿಯೂ ಅಲ್ಲಿಗೆ ಇಲ್ಲವೋ, ಅಲ್ಲಿಗೆ ಮೂರ್ಮೂರು ಆರ್ಚರ್. ಕೊನೆಯ 20 ಸೆಕೆಂಡಿಗೆ ಕಾಯಬೇಡಿ.

ದಾಳಿಯ ನಡುವೆ ಕಾಣುವ ಅಪಾಯದ ಗುರುತು

ಗುಂಪಿನ ಒಂದು ಡ್ರ್ಯಾಗನ್ ಪಕ್ಕಕ್ಕೆ ತಿರುಗಿದರೆ ಹೆದರಬೇಡಿ. ಎರಡು ತಿರುಗಿದರೆ ಫನಲ್ ಸೋರುತ್ತಿದೆ. ಕೈಯಲ್ಲಿ ಇನ್ನೂ ಬಿಡದ ಡ್ರ್ಯಾಗನ್ ಇದ್ದರೆ ನಡುವೆಯೇ ಬಿಡಿ, ತಿರುಗಿದವುಗಳ ಹಿಂದೆ ಕಳಿಸಬೇಡಿ. ಗಡಿಯಾರ 2:00ಕ್ಕೆ ಬಂದರೂ ಎರಡನೇ ಏರ್ ಡಿಫೆನ್ಸ್ ಬಿದ್ದಿಲ್ಲವಾದರೆ ಮೂರು ಸ್ಟಾರ್‌ನ ಆಸೆ ಬಿಟ್ಟು ಟೌನ್ ಹಾಲ್‌ನತ್ತ ಉಳಿದ ಎಲ್ಲವನ್ನೂ ಹಾಕಿ. ಎರಡು ಸ್ಟಾರ್ ಕೈಗೆ ಬಂದರೆ ಆ ಬೇಸ್ ಪೂರ್ತಿ ಮಾಡುವುದು ಇನ್ನೊಬ್ಬರ ಎರಡನೇ ದಾಳಿಗೆ ಸುಲಭ.

ಯಾವ ಸೈನಿಕನನ್ನೂ ಕೈಯಲ್ಲಿ ಉಳಿಸಿಕೊಂಡು ದಾಳಿ ಮುಗಿಸಬೇಡಿ. ಕ್ಲಾನ್ ಕ್ಯಾಸಲ್ ಗುಂಡಿ ಕೆಳಗೆ ಬಲಕ್ಕೆ ಸರಿದು ಕಣ್ಣಿಗೆ ಬೀಳದೆ ಉಳಿದುಹೋಗುವುದು ಹೊಸಬರಲ್ಲಿ ತೀರಾ ಸಾಮಾನ್ಯ.

ಹಂತ 7: ವಾರ್ ಇಲ್ಲದ ದಿನ ಏನು ಮಾಡಬೇಕು

ಫ್ರೆಂಡ್ಲಿ ಚಾಲೆಂಜ್. ಕ್ಲಾನ್‌ನವರು ತಮ್ಮ ಬೇಸ್ ಇಡುತ್ತಾರೆ, ನೀವು ದಾಳಿ ಮಾಡುತ್ತೀರಿ, ಸೈನ್ಯವೂ ಹೋಗುವುದಿಲ್ಲ, ಟ್ರೋಫಿಯೂ ಹೋಗುವುದಿಲ್ಲ. ಇಲ್ಲಿ ಇಡೀ ದಾಳಿ ಅಭ್ಯಾಸ ಮಾಡಬೇಡಿ. ಹಂತ 6ರ ಪಟ್ಟಿಯ 2 ಮತ್ತು 3ನೇ ಸಂಖ್ಯೆ ಮಾತ್ರ ಮಾಡಿ: ಎರಡು ಡ್ರ್ಯಾಗನ್ ಮೂಲೆಗೆ ಬಿಡಿ, ಹತ್ತು ಎಣಿಸಿ, ಅವು ಎತ್ತ ತಿರುಗಿದವು ನೋಡಿ, ದಾಳಿ ನಿಲ್ಲಿಸಿ. ಮತ್ತೆ. ಒಂದು ಸಂಜೆಗೆ ಹತ್ತು ಸಲ ಆಗುತ್ತದೆ. ಹೊಸನಗರದ ಅದೇ ಹುಡುಗ ಒಂದು ವಾರ ಇಷ್ಟನ್ನೇ ಮಾಡಿದ. ನಂತರದ ವಾರ್‌ನಲ್ಲಿ ಅವನ ಡ್ರ್ಯಾಗನ್‌ಗಳು ಮೊದಲ ಸಲ ಅಂಚು ಬಿಟ್ಟು ನಡುವಿಗೆ ಹೋದವು. ಟೌನ್ ಹಾಲ್ ಗಡಿಯಾರ 1:52ರಲ್ಲಿ ಬಿತ್ತು.

ಹಂತ 8: ರಿಪ್ಲೇ ನೋಡುವುದು, ಕಳಿಸುವುದು

ದಾಳಿ ಮುಗಿದ ಮೇಲೆ, ಗೆದ್ದಿರಿ ಸೋತಿರಿ, ರಿಪ್ಲೇ ಚಾಟ್‌ಗೆ ಹಾಕಿ. ನಾಚಿಕೆಪಟ್ಟುಕೊಂಡು ಮುಚ್ಚಿಟ್ಟರೆ ನಿಮಗೂ ಉಪಯೋಗವಿಲ್ಲ, ಅದೇ ಬೇಸ್ ಮೇಲೆ ಹೋಗುವ ಇನ್ನೊಬ್ಬರಿಗೂ ಬಲೆಯ ಜಾಗ ಸಿಗುವುದಿಲ್ಲ. ನೋಡುವಾಗ ಮೂರು ಕಡೆ ನಿಲ್ಲಿಸಿ. ಕೊನೆಯ ಮಿಂಚು ಬಿದ್ದ ಕೂಡಲೇ: ಏರ್ ಡಿಫೆನ್ಸ್ ಇದೆಯೋ ಇಲ್ಲವೋ. ನಡುವಿನ ಗುಂಪು ಬಿಟ್ಟ ಕ್ಷಣ: ಎರಡೂ ಮೂಲೆಯಲ್ಲಿ ಕಟ್ಟಡ ಬಿದ್ದಿತ್ತೋ, ಅವಸರ ಮಾಡಿದ್ದೀರೋ. ಮೊದಲ ಡ್ರ್ಯಾಗನ್ ಸತ್ತಾಗ: ಅದನ್ನು ಕೊಂದದ್ದು ಯಾವುದು.

ಸಲಹೆ ಕೇಳುವಾಗ "ಏನಾಯ್ತು ನೋಡಿ" ಅಂತ ಬರೆಯಬೇಡಿ. ನಿಮ್ಮ ಡ್ರ್ಯಾಗನ್ ಲೆವೆಲ್, ಲೈಟ್ನಿಂಗ್ ಲೆವೆಲ್, ಆ ಏರ್ ಡಿಫೆನ್ಸ್‌ನ ಲೆವೆಲ್, ಎಷ್ಟು ಮಿಂಚು ಒಯ್ದಿರಿ, ಮೊದಲ ಡ್ರ್ಯಾಗನ್ ಎಷ್ಟು ಹೊತ್ತಿಗೆ ಸತ್ತಿತು, ಇವಿಷ್ಟನ್ನು ಬರೆದು ಹಾಕಿ. ಬರೆದಿಟ್ಟ ಕಾಗದದ ಫೋಟೋ ಇದ್ದರೆ ಅದನ್ನು ಕ್ಲಾನ್‌ನ ವಾಟ್ಸ್ಆ್ಯಪ್ ಗುಂಪಿಗೂ ಹಾಕಿ, ಎರಡನೇ ದಾಳಿಗೆ ಹೋಗುವವರು ಭಾನುವಾರ ಬೆಳಿಗ್ಗೆ ಅದನ್ನೇ ನೋಡಿಕೊಂಡು ಹೊರಡುತ್ತಾರೆ.